ಗೆಳೆಯನ ಮದುವೆಗಾಗಿ ಟಿಕೆಟ್ ಕದಿಯಬಹುದೇ?

ರೈಲು ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಯುವಕ ಚಡಪಡಿಸುತ್ತ ಕೂತಿದ್ದಾನೆ. ದೂರದೂರಿನಲ್ಲಿ ಅವನ ಆಪ್ತ ಗೆಳೆಯನ ಮದುವೆ. ವಧೂವರರು ತೊಡಬೇಕಾದ ಉಂಗುರಗಳು ಇವನ ಕೈಯಲ್ಲಿವೆ. ಹೊತ್ತಿಗೆ ಸರಿಯಾಗಿ ತಲುಪಿಸುತ್ತೇನೆಂದು ಮಾತು ಕೊಟ್ಟಿದ್ದಾನೆ. ಆದರೆ ಪರ್ಸನ್ನು ಯಾರೋ ಹಾರಿಸಿದ್ದಾರೆ. ಅವರಿವರಲ್ಲಿ ಸಾಲ ಕೇಳಿದರೆ ಯಾರೂ ಕೊಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಅನುಕೂಲಸ್ಥನಂತೆ ಕಾಣುವ ಮನುಷ್ಯ ಕೋಟನ್ನು ಅಲ್ಲೇ ಬಿಟ್ಟು ಎದ್ದುಹೋಗಿದ್ದಾನೆ. ಕೋಟಿನ ಜೇಬಿನಿಂದ ಅದೇ ಊರಿನ ಟಿಕೆಟ್ ಇಣುಕುತ್ತಿದೆ. ಇನ್ನೊಂದು ಟಿಕೆಟ್ ಕೊಳ್ಳಲು ಆತನಿಗೇನೂ ಕಷ್ಟವಿಲ್ಲ. ಇವನಿಗೆ ಮಾತ್ರ ಬೇರೆ ದಾರಿಯೇ ಇಲ್ಲ.

ಟಿಕೆಟ್ ಎತ್ತಿಕೊಳ್ಳಬೇಕೇ? ಅಥವಾ ಕೊಟ್ಟ ಮಾತು ಹೋದರೂ ಸರಿ, ಕಳ್ಳತನ ಬೇಡವೆಂದು ಸುಮ್ಮನೆ ಕೂರಬೇಕೇ?

ಜೋನ್ ಮಿಲ್ಲರ್ ಮತ್ತು ಡೇವಿಡ್ ಬರ್ಸಾಫ್ ಎಂಬ ಮನೋವಿಜ್ಞಾನಿಗಳು ಇಂಥ ಸಂದಿಗ್ಧದ ಕತೆಗಳನ್ನು ಎರಡು ಊರುಗಳ ಮಕ್ಕಳ ಮುಂದೆಯೂ ದೊಡ್ಡವರ ಮುಂದೆಯೂ ಇಟ್ಟರು. ಒಂದು ಅಮೆರಿಕದ ನ್ಯೂ ಹೇವನ್, ಇನ್ನೊಂದು ನಮ್ಮ ಮೈಸೂರು. 1992ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನ್ಯೂ ಹೇವನ್ನಿನ ಹೆಚ್ಚಿನವರು ಕದಿಯುವುದು ತಪ್ಪು, ಅಲ್ಲಿಗೆ ಮಾತು ಮುಗಿಯಿತು ಎಂಬ ಕಡೆ ವಾಲಿದರು. ಮೈಸೂರಿನ ಹೆಚ್ಚಿನವರ ಉತ್ತರ ಬೇರೆ: ಗೆಳೆಯನಿಗೆ ಕೊಟ್ಟ ಮಾತು ದೊಡ್ಡದು, ಅದನ್ನು ಉಳಿಸಿಕೊಳ್ಳುವುದೇ ಕರ್ತವ್ಯ.

ಈ ಫಲಿತಾಂಶವನ್ನು ಓದಿದ ಕೂಡಲೇ ಮೂರು ಬಗೆಯ ಪ್ರಶ್ನೆಗಳು ಏಳುತ್ತವೆ. ಎರಡು ಊರಿನವರು ಹೀಗೆ ಬೇರೆ ಬೇರೆಯಾಗಿ ಯೋಚಿಸುವುದು ಏಕೆ? ಹಾಗಾದರೆ ಯಾರು ಹೇಳಿದ್ದು ಸರಿ? ಅಷ್ಟಕ್ಕೂ ‘ಸರಿ’ ಎನ್ನುವುದು ಊರಿಂದೂರಿಗೆ ಬದಲಾಗುವಂಥದ್ದೇ, ಎಲ್ಲರಿಗೂ ಒಂದೇ ಆಗಿರುವಂಥದ್ದೇ? ಮೊದಲನೆಯದನ್ನು ಕೇಳುವುದು ಮನೋವಿಜ್ಞಾನ, ಎರಡನೆಯದನ್ನು ನೀತಿಶಾಸ್ತ್ರ, ಮೂರನೆಯದನ್ನು ತತ್ತ್ವಶಾಸ್ತ್ರ. ವಿಶ್ವವಿದ್ಯಾಲಯದಲ್ಲಿ ಈ ಮೂರನ್ನೂ ಒಟ್ಟಿಗೆ ಓದುವುದೆಂದರೆ ಒಂದೇ ಘಟನೆಯ ಮುಂದೆ ನಿಂತು ಈ ಮೂರೂ ಪ್ರಶ್ನೆಗಳನ್ನು ಒಂದಕ್ಕೊಂದು ಕಲಸಿಹೋಗದಂತೆ ಕೇಳಲು ಕಲಿಯುವುದು. ಕೇಳಲು ಸುಲಭ, ಮಾಡಲು ಕಷ್ಟ. ಹೆಸರಾಂತ ವಿದ್ವಾಂಸರೇ ಎಡವಿರುವ ಜಾಗ ಇದು.

ಅಳತೆಗೋಲಿನೊಳಗೆ ಅಡಗಿದ ನೀತಿ

ಲಾರೆನ್ಸ್ ಕೋಲ್‌ಬರ್ಗ್ ಹೆಸರನ್ನು ಬಿ.ಇಡಿ. ಓದಿದವರೆಲ್ಲ ಕೇಳಿರುತ್ತಾರೆ. ಮನುಷ್ಯನ ನೈತಿಕ ಯೋಚನೆ ಆರು ಹಂತಗಳಲ್ಲಿ ಬೆಳೆಯುತ್ತದೆ ಎಂದವರು ಅವರು. ಶಿಕ್ಷೆಯ ಹೆದರಿಕೆಯಿಂದ ಸುಮ್ಮನಿರುವುದು ಮೊದಲ ಹಂತ. ನಮ್ಮವರ ಕಣ್ಣಲ್ಲಿ ಒಳ್ಳೆಯವರಾಗಿ, ಸಂಬಂಧಗಳನ್ನು ಕಾಪಾಡಿಕೊಂಡು ನಡೆಯುವುದು ಮೂರನೆಯದು. ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ನ್ಯಾಯದ ತತ್ತ್ವಗಳಿಗೆ ಬದ್ಧವಾಗುವುದು ಕಡೆಯದು, ಅತಿ ಎತ್ತರದ್ದು. 1950ರ ದಶಕದಲ್ಲಿ ಷಿಕಾಗೊ ಸುತ್ತಮುತ್ತಲಿನ ಹುಡುಗರನ್ನು ಮಾತಾಡಿಸಿ ಅವರು ಈ ಏಣಿಯನ್ನು ಕಟ್ಟತೊಡಗಿದರು.

ಈ ಅಳತೆಯಲ್ಲಿ ತೂಗಿದರೆ, ಗೆಳೆಯನಿಗೆ ಕೊಟ್ಟ ಮಾತನ್ನು ಉಳಿಸಬೇಕೆಂದ ಮೈಸೂರಿನ ಉತ್ತರಕ್ಕೆ ಮೇಲಿನ ಮೆಟ್ಟಿಲು ಸಿಗುವುದು ಕಷ್ಟ. ಅದು ಮೂರನೆಯ ಹಂತದ ಮಾತಿನಂತೆ ಕೇಳಿಸುತ್ತದೆ. ಕ್ಯಾರಲ್ ಗಿಲ್ಲಿಗನ್ 1982ರ ತಮ್ಮ ಪುಸ್ತಕದಲ್ಲಿ ಹೆಣ್ಣುಮಕ್ಕಳ ಪರವಾಗಿ ಎತ್ತಿದ ಆಕ್ಷೇಪವೂ ಇಂಥದ್ದೇ. ಯಾರಿಗೆ ನೋವಾಗುತ್ತದೆ, ಯಾರನ್ನು ಯಾರು ನೋಡಿಕೊಳ್ಳಬೇಕು ಎಂಬಲ್ಲಿಂದ ಯೋಚನೆ ಶುರುಮಾಡುವವರನ್ನು ಈ ಏಣಿ ಅರೆಬೆಳೆದವರೆಂದು ಕಾಣುತ್ತದೆ ಎಂದರು ಅವರು.

ಇಲ್ಲಿ ತಪ್ಪಾದದ್ದು ಪ್ರಯೋಗದಲ್ಲಲ್ಲ. ಹುಡುಗರ ಉತ್ತರಗಳು ವಯಸ್ಸಿನೊಂದಿಗೆ ಬದಲಾಗುವುದನ್ನು ಗಮನಿಸಿ ಬರೆದುಕೊಳ್ಳಬಹುದು. ಆದರೆ ಒಂದು ಉತ್ತರ ಇನ್ನೊಂದಕ್ಕಿಂತ ‘ಮೇಲು’ ಎನ್ನುವುದನ್ನು ಯಾವ ಉಪಕರಣವೂ ಅಳೆದು ಹೇಳಲಾರದು. ಆ ‘ಮೇಲು’ ಬಂದದ್ದು ಕಾಂಟ್ ಮತ್ತು ಜಾನ್ ರಾಲ್ಸ್‌ರ ತತ್ತ್ವಚಿಂತನೆಯಿಂದ. ಕೋಲ್‌ಬರ್ಗ್ ಅದನ್ನು ಮುಚ್ಚಿಟ್ಟಿರಲಿಲ್ಲ. ತಮ್ಮ ತಾತ್ತ್ವಿಕ ನಿಲುವನ್ನು ಬಿಚ್ಚಿಯೇ ಹೇಳಿದ್ದರು. ಅವರ ಏಣಿಯನ್ನು ಕೈಗೆತ್ತಿಕೊಂಡು ಮಕ್ಕಳಿಗೆ ಅಂಕ ಹಾಕಿದ ಎಷ್ಟೋ ಮಂದಿಗೆ ಮಾತ್ರ ಅದು ಕಾಣಲಿಲ್ಲ. ತತ್ತ್ವಶಾಸ್ತ್ರ ಗೊತ್ತಿಲ್ಲದ ಮನೋವಿಜ್ಞಾನದ ವಿದ್ಯಾರ್ಥಿ ಮೋಸಹೋಗುವುದು ಹೀಗೆ.

ಇದಕ್ಕೆ ಮಗ್ಗುಲಿನ ತಪ್ಪೂ ಒಂದಿದೆ. ಮೈಸೂರಿನ ಹೆಚ್ಚಿನವರು ಹಾಗೆ ಹೇಳಿದ ಮಾತ್ರಕ್ಕೆ ಟಿಕೆಟ್ ಕದಿಯುವುದು ಸರಿಯಾಗಿಬಿಡುವುದಿಲ್ಲ. ಜನ ಏನು ಮಾಡುತ್ತಾರೆ ಎಂಬುದರಿಂದ ಏನು ಮಾಡಬೇಕು ಎಂಬುದಕ್ಕೆ ನೇರವಾಗಿ ಜಿಗಿಯುವಂತಿಲ್ಲ ಎಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಹದಿನೆಂಟನೆಯ ಶತಮಾನದಲ್ಲೇ ಎಚ್ಚರಿಸಿದ್ದರು. ಕುತೂಹಲದ ಸಂಗತಿಯೆಂದರೆ, ಹಾಗೆ ಎಚ್ಚರಿಸಿದ ಅದೇ ಗ್ರಂಥದಲ್ಲಿ ಮನುಷ್ಯ ಸ್ವಭಾವವನ್ನು ಪ್ರಯೋಗದ ದಾರಿಯಲ್ಲಿ ಅರಿಯಬೇಕೆಂದೂ ಅವರು ಹೇಳಿದ್ದರು. ಅವರಿಗೆ ಎರಡೂ ಬೇಕಿದ್ದವು.

ನೂರೇಳು ಸಹಿಗಳು

ಹ್ಯೂಮ್‌ರ ಕಾಲದಲ್ಲಿ ಮನೋವಿಜ್ಞಾನವೆಂಬ ಪ್ರತ್ಯೇಕ ವಿಭಾಗವೇ ಇರಲಿಲ್ಲ. ಮನಸ್ಸಿನ ಬಗೆಗಿನ ಯೋಚನೆಯೆಲ್ಲ ತತ್ತ್ವಶಾಸ್ತ್ರದೊಳಗೇ ಇತ್ತು. ಪ್ರಯೋಗಾಧಾರಿತ ಮನೋವಿಜ್ಞಾನದ ಹುಟ್ಟೆಂದು ಪಠ್ಯಪುಸ್ತಕಗಳು ಗುರುತಿಸುವುದು 1879ನ್ನು. ಆ ವರ್ಷ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್ ಅಲ್ಲಿ ಪ್ರಾಧ್ಯಾಪಕರಾಗಿದ್ದದ್ದು ತತ್ತ್ವಶಾಸ್ತ್ರಕ್ಕೆ. ಅಮೆರಿಕದಲ್ಲಿ 1890ರಲ್ಲಿ ಮನೋವಿಜ್ಞಾನದ ಮಹಾಗ್ರಂಥ ಬರೆದ ವಿಲಿಯಂ ಜೇಮ್ಸ್ ವೈದ್ಯಕೀಯ ಪದವೀಧರರು. ಹಾರ್ವರ್ಡ್‌ನಲ್ಲಿ ಶರೀರಶಾಸ್ತ್ರದಿಂದ ಆರಂಭಿಸಿ, ಮನೋವಿಜ್ಞಾನ, ತತ್ತ್ವಶಾಸ್ತ್ರ ಎರಡರ ಪೀಠವನ್ನೂ ಅವರು ಅಲಂಕರಿಸಿದರು.

ಒಡಕು ಬಂದದ್ದು ಹುದ್ದೆಗಳ ವಿಷಯಕ್ಕೆ. ಜರ್ಮನಿಯಲ್ಲಿ ತತ್ತ್ವಶಾಸ್ತ್ರದ ಪೀಠಗಳಿಗೆ ಒಬ್ಬೊಬ್ಬರಾಗಿ ಪ್ರಯೋಗಾಲಯದವರು ಬರತೊಡಗಿದರು. ಮಾರ್ಬುರ್ಗ್‌ನಲ್ಲಿ ಹರ್ಮನ್ ಕೋಹೆನ್‌ರಂಥ ಹಿರಿಯ ತತ್ತ್ವಜ್ಞಾನಿಯ ಜಾಗಕ್ಕೆ ಪ್ರಯೋಗ ಮನೋವಿಜ್ಞಾನಿಯೊಬ್ಬರನ್ನು ತಂದು ಕೂರಿಸಿದಾಗ ಸಹನೆ ಮುಗಿಯಿತು. 1913ರಲ್ಲಿ ಎಡ್ಮಂಡ್ ಹುಸರ್ಲ್ ಸೇರಿದಂತೆ 107 ಮಂದಿ ಸಹಿ ಹಾಕಿದ ಮನವಿ ಹೊರಬಿತ್ತು: ಮನೋವಿಜ್ಞಾನಿಗಳಿಗೆ ಬೇಕಾದರೆ ಬೇರೆ ಹುದ್ದೆ ಕೊಡಿ, ತತ್ತ್ವಶಾಸ್ತ್ರದ ಪೀಠಗಳನ್ನು ಬಿಟ್ಟುಬಿಡಿ ಎಂಬುದು ಅದರ ಸಾರಾಂಶ. ಮನೋವಿಜ್ಞಾನದ ಪಿತಾಮಹ ವುಂಟ್ ಇದನ್ನು ಸ್ವಾಗತಿಸಿರಬೇಕೆಂದು ಅನ್ನಿಸಬಹುದು. ಹಾಗಾಗಲಿಲ್ಲ. ತತ್ತ್ವಶಾಸ್ತ್ರದಿಂದ ಕಡಿದುಕೊಂಡರೆ ಮನೋವಿಜ್ಞಾನ ಬರೀ ಕಸುಬಾಗುತ್ತದೆ ಎಂದು ಹೆದರಿ, ಬೇರ್ಪಡಿಸುವುದನ್ನು ವಿರೋಧಿಸಿ ಅವರು ಅದೇ ವರ್ಷ ಒಂದು ಹೊತ್ತಿಗೆ ಬರೆದರು. ಆದರೆ ಮುಂದಿನ ದಶಕಗಳಲ್ಲಿ ಜಗತ್ತಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಎರಡೂ ಬೇರೆ ಬೇರೆ ಕಟ್ಟಡ ಸೇರಿದವು.

ಮೈಸೂರಿನ ನಂಟು

ಇದೇ ಹೊತ್ತಿಗೆ ಭಾರತದಲ್ಲಿ ಮನೋವಿಜ್ಞಾನವನ್ನು ಎತ್ತಿ ಬೆಳೆಸುತ್ತಿದ್ದವರು ತತ್ತ್ವಶಾಸ್ತ್ರಜ್ಞರು. ಕಲ್ಕತ್ತದಲ್ಲಿ 1905ರಲ್ಲಿ ಪ್ರಯೋಗ ಮನೋವಿಜ್ಞಾನದ ಪಠ್ಯಕ್ರಮವನ್ನು ರೂಪಿಸಿದವರು ಬ್ರಜೇಂದ್ರನಾಥ ಶೀಲ್. ಅದರ ಆಧಾರದ ಮೇಲೆ 1916ರಲ್ಲಿ ಅಲ್ಲಿ ದೇಶದ ಮೊದಲ ಮನೋವಿಜ್ಞಾನ ವಿಭಾಗ ಶುರುವಾಯಿತು. ಅದೇ ಶೀಲ್ 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. ಅವರ ಅವಧಿಯಲ್ಲೇ, 1924ರಲ್ಲಿ, ಮೈಸೂರಿನಲ್ಲೂ ಮನೋವಿಜ್ಞಾನ ವಿಭಾಗ ತಲೆಯೆತ್ತಿತು.

ವಿಭಾಗವನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಕನ್ನಡಿಗರು ಅವರನ್ನು ಹೆಚ್ಚಾಗಿ ನೆನೆಯುವುದು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ರೇಡಿಯೋ ಕೇಂದ್ರ ನಡೆಸಿದ್ದಕ್ಕೆ. ಆದರೆ ಅವರ ಮೂಲ ಕಸುಬು ಮನಸ್ಸಿನ ಅಧ್ಯಯನ.

ಮಹಾರಾಜ ಕಾಲೇಜಿನ ಅಂದಿನ ವಾತಾವರಣವನ್ನು ಊಹಿಸಿಕೊಳ್ಳಿ. 1918ರಿಂದ 1921ರವರೆಗೆ ಎಸ್. ರಾಧಾಕೃಷ್ಣನ್ ಅಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದರು. ಅವರ ನಂತರವೂ ಎ. ಆರ್. ವಾಡಿಯಾ ಇದ್ದರು. ಎಂ. ಹಿರಿಯಣ್ಣನವರು ಅಲ್ಲಿ ವರ್ಷಗಟ್ಟಲೆ ಕೊಟ್ಟ ಪಾಠಗಳೇ 1932ರಲ್ಲಿ ಭಾರತೀಯ ದರ್ಶನಗಳ ಕುರಿತ ಅವರ ಪ್ರಸಿದ್ಧ ಇಂಗ್ಲಿಷ್ ಗ್ರಂಥವಾಗಿ ಬಂದವು. ನೀತಿಮೌಲ್ಯಗಳನ್ನು ಬಿಟ್ಟು ದರ್ಶನಗಳನ್ನು ವಿವರಿಸಲಾಗದು ಎಂಬುದು ಹಿರಿಯಣ್ಣನವರ ಗಟ್ಟಿ ನಿಲುವಾಗಿತ್ತು. ಭಾರತೀಯ ಚಿಂತನೆಯಲ್ಲಿ ಮನಸ್ಸಿನ ವಿವರಣೆಗೂ ನೀತಿಗೂ ನಡುವಿನ ಗೋಡೆ ಮೊದಲಿಂದಲೂ ತೆಳು. ಪತಂಜಲಿಯ ಯೋಗದಲ್ಲಿ ಚಿತ್ತದ ಏಕಾಗ್ರತೆಗೆ ಮುಂಚೆ ಅಹಿಂಸೆ, ಸತ್ಯ ಮುಂತಾದ ಯಮಗಳು ಬರುತ್ತವೆ. ಬೌದ್ಧರ ಅಭಿಧರ್ಮ ಮನಸ್ಸಿನ ಕ್ಷಣಗಳನ್ನು ವಿಂಗಡಿಸುವಾಗಲೇ ಯಾವುದು ಕುಶಲ, ಯಾವುದು ಅಕುಶಲ ಎಂದು ಗುರುತಿಸುತ್ತದೆ. ಮನಸ್ಸನ್ನು ವಿವರಿಸುವುದೂ ಅದನ್ನು ತಿದ್ದುವುದೂ ಅಲ್ಲಿ ಒಂದೇ ಸಾಧನೆಯ ಭಾಗ.

ಈ ಪರಿಸರದಿಂದ ಬಂದವರಲ್ಲಿ ಎರಡೂ ಕಡೆ ಕಾಲಿಟ್ಟವರು ಹಲವರು. ಎಸ್. ಎಲ್. ಭೈರಪ್ಪ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿ ಚಿನ್ನದ ಪದಕ ಪಡೆದವರು. ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಅವರು ಕಲಿಸಿದ್ದು ತರ್ಕಶಾಸ್ತ್ರ ಮತ್ತು ಮನಃಶಾಸ್ತ್ರ. ಅವರ ‘ಪರ್ವ’ ಕಾದಂಬರಿಯ ಪಾತ್ರಗಳು ಧರ್ಮಸಂಕಟದಲ್ಲಿ ಸಿಕ್ಕಿ ತಮ್ಮ ಮನಸ್ಸನ್ನು ತಾವೇ ಬಗೆದು ನೋಡಿಕೊಳ್ಳುವ ಪರಿಗೆ ಈ ಓದಿನ ಬಲವಿದೆ ಎನ್ನಲು ಅಡ್ಡಿಯಿಲ್ಲ. ಇನ್ನೊಬ್ಬರು ಬಿ. ಕುಪ್ಪುಸ್ವಾಮಿ. ಕುಟುಂಬದ ಸಾಮಾಜಿಕ, ಆರ್ಥಿಕ ಸ್ಥಿತಿಯನ್ನು ಅಳೆಯುವ ಅವರ ಮಾಪಕವನ್ನು ಪರಿಷ್ಕರಿಸುತ್ತ ವೈದ್ಯಕೀಯ ಕಾಲೇಜುಗಳ ಸಂಶೋಧಕರು ಇಂದಿಗೂ ಬಳಸುತ್ತಾರೆ. ಅದೇ ಕುಪ್ಪುಸ್ವಾಮಿ ಧರ್ಮ ಮತ್ತು ಸಮಾಜದ ಬಗ್ಗೆಯೂ ಪ್ರಾಚೀನ ಭಾರತದ ಮನಃಶಾಸ್ತ್ರದ ಬಗ್ಗೆಯೂ ಪುಸ್ತಕ ಬರೆದಿದ್ದಾರೆಂಬುದು ಆ ಮಾಪಕ ಬಳಸುವ ಎಷ್ಟು ಜನರಿಗೆ ಗೊತ್ತೋ! ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ ಈಗಿನ ನಿಮ್ಹಾನ್ಸ್‌ನಲ್ಲಿ, ಮನೋವಿಜ್ಞಾನ ಕಲಿಸಿದ ಎಸ್. ಕೆ. ರಾಮಚಂದ್ರರಾಯರು ಸಂಸ್ಕೃತ, ಪಾಲಿ ಬಲ್ಲ ಮಹಾವಿದ್ವಾಂಸರೂ ಆಗಿದ್ದರು.

ಅವಸರದಲ್ಲಿದ್ದ ಪ್ರವಚನಕಾರರು

ಮೂರೂ ವಿಷಯಗಳು ಒಂದೇ ತರಗತಿಯಲ್ಲಿ ಕೂತರೆ ಪಾಠ ಹೇಗೆ ನಡೆಯುತ್ತದೆ? ಜಗತ್ತಿನ ಅನೇಕ ಕಡೆ ಅಧ್ಯಾಪಕರು ಎತ್ತಿಕೊಳ್ಳುವ ಒಂದು ಪ್ರಯೋಗವನ್ನು ನೋಡಬಹುದು.

ಬೈಬಲ್ಲಿನಲ್ಲಿ ಒಳ್ಳೆಯ ಸಮಾರಿಯನ ಕತೆಯಿದೆ. ಕಳ್ಳರ ಹೊಡೆತ ತಿಂದು ದಾರಿಯಲ್ಲಿ ಬಿದ್ದವನನ್ನು ಪೂಜಾರಿಯೊಬ್ಬ, ಧಾರ್ಮಿಕ ಸೇವಕನೊಬ್ಬ ನೋಡಿಯೂ ನೋಡದಂತೆ ದಾಟಿಹೋಗುತ್ತಾರೆ. ಜನ ಕೀಳಾಗಿ ಕಾಣುತ್ತಿದ್ದ ಸಮಾರಿಯದವನು ನಿಂತು ಆರೈಕೆ ಮಾಡುತ್ತಾನೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಕರೆದರು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಪುಟ್ಟ ಭಾಷಣ ಮಾಡಬೇಕೆಂದರು. ಕೆಲವರಿಗೆ ಕೊಟ್ಟ ವಿಷಯ ಇದೇ ಸಮಾರಿಯನ ಕತೆ, ಉಳಿದವರಿಗೆ ಉದ್ಯೋಗದ ಬಗೆಗಿನ ಮಾತು. ಹೊರಡುವಾಗ ಕೆಲವರಿಗೆ ‘ಆಗಲೇ ತಡವಾಗಿದೆ, ಓಡಿ’ ಎಂದರು. ಕೆಲವರಿಗೆ ಹೊತ್ತು ಸರಿಯಿದೆ ಎಂದರು. ಮಿಕ್ಕವರಿಗೆ ಇನ್ನೂ ಸಮಯವಿದೆ ಎಂದರು. ದಾರಿಯ ಓಣಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಅವನೂ ಪ್ರಯೋಗದ ಭಾಗವೇ.

1973ರಲ್ಲಿ ಪ್ರಕಟವಾದ ಫಲಿತಾಂಶ ಇಂದಿಗೂ ಓದಿದವರನ್ನು ತಡೆದು ನಿಲ್ಲಿಸುತ್ತದೆ. ಸಮಯವಿದ್ದವರಲ್ಲಿ ಶೇ 63 ಮಂದಿ ನೆರವಿಗೆ ನಿಂತರು. ಸಮಯ ಸರಿಯಿದ್ದವರಲ್ಲಿ ಶೇ 45. ಅವಸರದಲ್ಲಿದ್ದವರಲ್ಲಿ ಶೇ 10. ತಲೆಯಲ್ಲಿ ಯಾವ ವಿಷಯ ಓಡುತ್ತಿತ್ತು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಸಮಾರಿಯನ ಕತೆ ಹೇಳಲು ಹೊರಟವರೇ ನರಳುವವನನ್ನು ದಾಟಿ ಹೋದದ್ದುಂಟು.

ಮನೋವಿಜ್ಞಾನದ ವಿದ್ಯಾರ್ಥಿ ಇಲ್ಲಿ ಕಲಿಯುವುದು ಸನ್ನಿವೇಶದ ಶಕ್ತಿಯನ್ನು. ಒಳ್ಳೆಯವರು, ಕೆಟ್ಟವರು ಎಂದು ನಾವು ಹಚ್ಚುವ ಚೀಟಿಗಳಿಗಿಂತ ಗಡಿಯಾರ ಹೆಚ್ಚು ನಿರ್ಧರಿಸಬಹುದು. ಆದರೆ ಪಾಠ ಇಲ್ಲಿಗೇ ನಿಲ್ಲುವುದಿಲ್ಲ. ಅರಿಸ್ಟಾಟಲ್‌ನ ಕಾಲದಿಂದ ನೀತಿಶಾಸ್ತ್ರದ ಒಂದು ದೊಡ್ಡ ಧಾರೆ ಹೇಳಿಕೊಂಡು ಬಂದದ್ದು ಶೀಲವನ್ನು ರೂಢಿಸಿಕೊಳ್ಳಿ ಎಂದು. ಶೀಲವೆಂಬ ಸ್ಥಿರವಾದ ಗುಣವೇ ಹೆಚ್ಚಿನವರಲ್ಲಿ ಇಲ್ಲದಿದ್ದರೆ? 1999ರಲ್ಲಿ ಗಿಲ್ಬರ್ಟ್ ಹಾರ್ಮನ್, 2002ರಲ್ಲಿ ಜಾನ್ ಡೋರಿಸ್ ಈ ಪ್ರಶ್ನೆಯನ್ನು ಹರಿತವಾಗಿ ಎತ್ತಿದರು. ನೀತಿಶಾಸ್ತ್ರದವರ ಮರುಮಾತೂ ಗಟ್ಟಿಯಾಗಿತ್ತು. ಶೀಲ ಅಪರೂಪವೆಂದು, ದೀರ್ಘ ಅಭ್ಯಾಸದಿಂದ ಬರುವಂಥದ್ದೆಂದು ಅರಿಸ್ಟಾಟಲನೇ ಹೇಳಿದ್ದ. ಅದು ಎಲ್ಲರಲ್ಲೂ ಕಾಣಲಿಲ್ಲವೆಂದರೆ ಅವನ ಮಾತು ಬಿದ್ದುಹೋಗುವುದಿಲ್ಲ. ಓಡಿದ ವಿದ್ಯಾರ್ಥಿಗಳಿಗೆ ಕಾಯುತ್ತಿರುವವರಿಗೆ ಕೊಟ್ಟ ಮಾತೂ ಒಂದು ಹೊಣೆಯೇ ಆಗಿತ್ತಲ್ಲವೇ ಎಂದೂ ಕೇಳಿದವರಿದ್ದಾರೆ. ಇನ್ನು ಸಂಖ್ಯಾಶಾಸ್ತ್ರ ಬಲ್ಲ ವಿದ್ಯಾರ್ಥಿ ಕೈಯೆತ್ತಿ ಮತ್ತೊಂದು ಮಾತು ಸೇರಿಸಬೇಕು: 40 ಮಂದಿಯನ್ನು ಮೂರು ಗುಂಪು ಮಾಡಿ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಬಹುದೇ?

ಈ ಕೊನೆಯ ಪ್ರಶ್ನೆ ಹಗುರವಾದದ್ದಲ್ಲ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಮನೋವಿಜ್ಞಾನದ ಹೆಸರಾಂತ ಪತ್ರಿಕೆಗಳಲ್ಲಿ ಬಂದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ನೆಚ್ಚಬಹುದಾದ ಫಲಿತಾಂಶ ಮರಳಿ ಸಿಕ್ಕಿದ್ದು ಮೂರರಲ್ಲೊಂದಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಮಾತ್ರ. ಒಂದೇ ಪ್ರಯೋಗವನ್ನು ನಂಬಿ ನೀತಿಯ ಸಿದ್ಧಾಂತ ಕಟ್ಟಲು ಹೊರಡುವವರು ಇದನ್ನು ಮರೆಯುವಂತಿಲ್ಲ.

ಪ್ರಯೋಗಾಲಯಕ್ಕೆ ಬಂದ ನೀತಿ

1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಮಿಲ್‌ಗ್ರಾಂ ತಮ್ಮ ವಿಧೇಯತೆಯ ಪ್ರಯೋಗ ಆರಂಭಿಸಿದರು. ಪಕ್ಕದ ಕೋಣೆಯಲ್ಲಿರುವವನು ಉತ್ತರ ತಪ್ಪಿದಾಗಲೆಲ್ಲ ವಿದ್ಯುತ್ ಆಘಾತ ಕೊಡಬೇಕೆಂದು ಜನರಿಗೆ ಹೇಳಲಾಯಿತು. ಆಘಾತ ನಿಜವಲ್ಲ, ನಟನೆ. ಕೊಡುವವರಿಗೆ ಅದು ಗೊತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ವರದಿಯ ಪ್ರಕಾರ 40 ಮಂದಿಯಲ್ಲಿ 26 ಮಂದಿ 450 ವೋಲ್ಟ್‌ನ ಕಡೆಯ ಗುಂಡಿಯವರೆಗೆ ಹೋದರು. ಮರುವರ್ಷವೇ ಡಯಾನಾ ಬಾಮ್‌ರಿಂಡ್ ಕೇಳಿದರು: ಬೆವರಿ, ನಡುಗಿ, ತಾವೊಬ್ಬರನ್ನು ಹಿಂಸಿಸಿದೆವೆಂದು ನಂಬಿದ ಆ ಜನರಿಗೆ ಆದ ನೋವಿಗೆ ಯಾರು ಹೊಣೆ?

ಅಮೆರಿಕದ ಟಸ್ಕೀಗಿಯಲ್ಲಿ ನಡೆದದ್ದು ಇನ್ನೂ ಘೋರ. 1932ರಿಂದ 1972ರವರೆಗೆ ನೂರಾರು ಕಪ್ಪುವರ್ಣೀಯ ಗಂಡಸರ ಸಿಫಿಲಿಸ್ ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕೂತ ಸರ್ಕಾರಿ ಅಧ್ಯಯನ, ಪೆನಿಸಿಲಿನ್ ಲಭ್ಯವಾದ ಮೇಲೂ ಅವರಿಗೆ ಚಿಕಿತ್ಸೆ ಸಿಗದಂತೆ ನೋಡಿಕೊಂಡಿತು. ಇದು ಬಯಲಾದ ಮೇಲೆ ನೇಮಕವಾದ ಆಯೋಗ 1979ರಲ್ಲಿ ಬೆಲ್ಮಾಂಟ್ ವರದಿ ಪ್ರಕಟಿಸಿತು. ವ್ಯಕ್ತಿಗೆ ಗೌರವ, ಹಿತ, ನ್ಯಾಯ ಎಂಬ ಅದರ ಮೂರು ಸೂತ್ರಗಳನ್ನು ಬರೆಯುವಲ್ಲಿ ಟಾಮ್ ಬೋಷಂಪ್ ಎಂಬ ತತ್ತ್ವಶಾಸ್ತ್ರಜ್ಞರ ಕೈಯಿತ್ತು. ಮನುಷ್ಯರ ಮೇಲಿನ ಸಂಶೋಧನೆಗೆ ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೂ ಈ ಸೂತ್ರಗಳ ನೆರಳಿದೆ. ಮನೋವಿಜ್ಞಾನದ ವಿದ್ಯಾರ್ಥಿ ಸಮೀಕ್ಷೆಗೆ ಹೊರಡುವ ಮುನ್ನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದಕ್ಕೆ ಹಿಂದಿರುವ ಚರಿತ್ರೆ ಇದು. ಅದು ಗೊತ್ತಿಲ್ಲದವರಿಗೆ ಆ ಹಾಳೆ ಇನ್ನೊಂದು ಅರ್ಜಿಯಷ್ಟೇ.

ಪದವಿ ತರಗತಿಯಲ್ಲಿ ಎಷ್ಟಿದೆ?

ಬ್ರಿಟನ್ನಿನ ಆಕ್ಸ್‌ಫರ್ಡ್ 1947ರಲ್ಲೇ ಮನೋವಿಜ್ಞಾನ, ತತ್ತ್ವಶಾಸ್ತ್ರ, ಶರೀರಶಾಸ್ತ್ರಗಳನ್ನು ಬೆಸೆದ ಪದವಿ ಆರಂಭಿಸಿತು. ಈಗ ಶರೀರಶಾಸ್ತ್ರದ ಜಾಗದಲ್ಲಿ ಭಾಷಾಶಾಸ್ತ್ರವಿದೆ. ಇಂಥ ಕೋರ್ಸುಗಳಲ್ಲಿ ವಿದ್ಯಾರ್ಥಿಯ ವಾರ ಎರಡು ರೀತಿಯ ಕೆಲಸದಲ್ಲಿ ಹಂಚಿಹೋಗುತ್ತದೆ. ಒಂದು ಕಡೆ ಪ್ರಯೋಗ, ಅಂಕಿಅಂಶ, ವರದಿ. ಇನ್ನೊಂದು ಕಡೆ ನಾಲ್ಕು ಪುಟದ ವಾದವನ್ನು ಎಂಟು ಸಲ ಓದಿ, ಅದರ ಸಡಿಲ ಕೀಲು ಎಲ್ಲಿದೆಯೆಂದು ಹುಡುಕಿ ಪ್ರಬಂಧ ಬರೆಯುವುದು. ಲೆಕ್ಕಕ್ಕೆ ಹೆದರಿ ಕಲಾ ವಿಭಾಗ ಸೇರಿದವರಿಗೆ ಮೊದಲನೆಯದು ಬೆವರಿಳಿಸುತ್ತದೆ. ಉತ್ತರವೊಂದೇ ಇರಬೇಕೆಂದು ಬಯಸುವವರನ್ನು ಎರಡನೆಯದು ದಣಿಸುತ್ತದೆ.

ಕರ್ನಾಟಕದಲ್ಲಿ ಈ ಮೂರರ ಹೆಸರು ಹೊತ್ತ ಪದವಿಯನ್ನು ಹುಡುಕುವ ಬದಲು ವಿಷಯಗಳನ್ನು ಜೋಡಿಸಿಕೊಳ್ಳುವ ದಾರಿ ನೋಡುವುದು ಲೇಸು. ಪಿಯು ಹಂತದ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ತರ್ಕಶಾಸ್ತ್ರವೂ ಮನಃಶಾಸ್ತ್ರವೂ ಇವೆ. ಕಲಿಸುವ ಕಾಲೇಜು ಸಿಗುವುದೇ ಕಷ್ಟ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಬಿಟ್ಟು ರಾಜ್ಯ 2024–25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಮೂರು ಮುಖ್ಯ ವಿಷಯಗಳನ್ನು ಸಮವಾಗಿ ಓದುವ ಹಳೆಯ ಪದ್ಧತಿ ಇಂಥ ಓದಿಗೆ ಹೇಳಿ ಮಾಡಿಸಿದಂತಿದೆ. ಕೊರತೆಯಿರುವುದು ತತ್ತ್ವಶಾಸ್ತ್ರ ಕಲಿಸುವವರದ್ದು. ಮನೋವಿಜ್ಞಾನಕ್ಕೆ ಸೀಟು ಸಿಗದೆ ವಿದ್ಯಾರ್ಥಿಗಳು ಅಲೆಯುತ್ತಿರುವ ಕಾಲದಲ್ಲೇ ತತ್ತ್ವಶಾಸ್ತ್ರದ ಬೆಂಚುಗಳು ಖಾಲಿಯಾಗಿರುವುದು ದುಃಖದ ಸಂಗತಿ. ಮೈಸೂರು, ಧಾರವಾಡದ ಸ್ನಾತಕೋತ್ತರ ವಿಭಾಗಗಳಿಗೆ ಪದವಿ ಕಾಲೇಜುಗಳಿಂದ ಹರಿದುಬರಬೇಕಾದ ತೊರೆಯೇ ಬತ್ತಿದೆ.

ಈ ಮೂರೂ ಒಂದೆಡೆ ಸೇರಿರುವ ಒಂದು ಪಠ್ಯವನ್ನು ಮಾತ್ರ ಧಾರವಾಡ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳಲ್ಲಿ ಸಾವಿರಾರು ಯುವಕ ಯುವತಿಯರು ಉರು ಹೊಡೆಯುತ್ತಿದ್ದಾರೆ. ಕೇಂದ್ರ ಲೋಕಸೇವಾ ಆಯೋಗ 2013ರಲ್ಲಿ ಐಎಎಸ್ ಮುಖ್ಯ ಪರೀಕ್ಷೆಗೆ ಸೇರಿಸಿದ 250 ಅಂಕಗಳ ಎಥಿಕ್ಸ್ ಪತ್ರಿಕೆ ಅದು. ಮನೋಭಾವ ಹೇಗೆ ರೂಪುಗೊಳ್ಳುತ್ತದೆ, ಭಾವನಾತ್ಮಕ ಬುದ್ಧಿವಂತಿಕೆ ಎಂದರೇನು ಎಂಬ ಮನೋವಿಜ್ಞಾನ ಅದರಲ್ಲಿದೆ. ದೇಶ ವಿದೇಶಗಳ ತತ್ತ್ವಜ್ಞಾನಿಗಳಿದ್ದಾರೆ. ಅಧಿಕಾರಿಯೊಬ್ಬರು ಇಕ್ಕಟ್ಟಿಗೆ ಸಿಲುಕಿದ ಸಂದರ್ಭಗಳನ್ನು ಕೊಟ್ಟು ಏನು ಮಾಡುವಿರಿ ಎಂದು ಕೇಳುವ ಪ್ರಶ್ನೆಗಳಿವೆ. ಮೂರು ವರ್ಷ ನಿಧಾನವಾಗಿ ಜಗಿಯಬೇಕಾದ್ದನ್ನು ಕೆಲವೇ ತಿಂಗಳಲ್ಲಿ ನೋಟ್ಸ್ ಮಾಡಿ ನುಂಗಬೇಕಾದ ಪರಿಸ್ಥಿತಿ ಆ ಅಭ್ಯರ್ಥಿಗಳದ್ದು. ಪದವಿಯಲ್ಲೇ ಇದನ್ನು ಓದಿದ್ದರೆ ಅವರಿಗೂ, ಮುಂದೆ ಅವರ ಕಚೇರಿಯ ಬಾಗಿಲು ತಟ್ಟುವವರಿಗೂ ಒಳ್ಳೆಯದಾಗುತ್ತಿತ್ತು.

ಆಪ್ತಸಲಹೆಯಿಂದ ಚಾಲಕರಹಿತ ಕಾರಿನವರೆಗೆ

ಓದಿದವರು ಏನಾಗುತ್ತಾರೆ? ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂದರೆ ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆಯಿರುವ ತರಬೇತಿ ಮತ್ತು ನೋಂದಣಿ ಬೇಕೇಬೇಕು, ಬರೀ ಬಿ.ಎ. ಸಾಲದು. ಇದನ್ನು ಪ್ರವೇಶಕ್ಕೆ ಮುಂಚೆಯೇ ತಿಳಿದಿರುವುದು ಒಳ್ಳೆಯದು. ಆದರೆ ಆ ಕೆಲಸಕ್ಕೆ ಹೋದವರಿಗೆ ಮೊದಲ ವರ್ಷವೇ ನೀತಿಶಾಸ್ತ್ರ ಎದುರಾಗುತ್ತದೆ. ಎದುರು ಕೂತವನು ಇನ್ನೊಬ್ಬರನ್ನು ಕೊಲ್ಲುವ ಮಾತಾಡಿದರೆ ಗುಟ್ಟು ಕಾಯಬೇಕೇ? 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭಾರತದಿಂದ ಹೋಗಿದ್ದ ವಿದ್ಯಾರ್ಥಿಯೊಬ್ಬ ತನ್ನ ಮನೋವಿಜ್ಞಾನಿಯ ಬಳಿ ಇಂಥ ಇಂಗಿತ ಹೇಳಿಕೊಂಡಿದ್ದ. ಕ್ಯಾಂಪಸ್ ಪೊಲೀಸರಿಗೆ ಸುದ್ದಿ ಹೋಯಿತು, ಅವರು ವಿಚಾರಿಸಿ ಬಿಟ್ಟರು. ಟಟಿಯಾನಾ ಟರಾಸಾಫ್ ಎಂಬ ಯುವತಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಎಚ್ಚರಿಕೆ ಕೊಡಲಿಲ್ಲ. ಅವಳ ಕೊಲೆಯಾಯಿತು. ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಚಿಕಿತ್ಸಕರಿಗೂ ಇದೆಯೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಕರೆದು, ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು ಬೇಕಾದಷ್ಟೇ ಮಾಹಿತಿ ಕೊಡಲು ಅವಕಾಶವಿಟ್ಟಿದೆ. ‘ಬೇಕಾದಷ್ಟು’ ಎಂದರೆ ಎಷ್ಟು ಎಂಬುದನ್ನು ಮಾತ್ರ ಆ ಕೋಣೆಯಲ್ಲಿ ಕೂತವರೇ ತೂಗಬೇಕು.

ಸಾಫ್ಟ್‌ವೇರ್ ಕಂಪನಿಗಳಲ್ಲೂ ಇದೇ ಬಗೆಯ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತಿದೆ. ಚಾಲಕನಿಲ್ಲದ ಕಾರಿನ ಬ್ರೇಕು ಕೈಕೊಟ್ಟರೆ ಯಾರನ್ನು ಉಳಿಸಬೇಕು? ‘ಮಾರಲ್ ಮಷೀನ್’ ಎಂಬ ಅಂತರ್ಜಾಲ ಸಮೀಕ್ಷೆ ಜಗತ್ತಿನಾದ್ಯಂತ ಸುಮಾರು 4 ಕೋಟಿ ಉತ್ತರಗಳನ್ನು ಕಲೆಹಾಕಿ 2018ರಲ್ಲಿ ವರದಿ ಮಾಡಿತು. ಮುದುಕರಿಗಿಂತ ಎಳೆಯರನ್ನು ಉಳಿಸಬೇಕೆಂಬ ಒಲವು ಅದರಲ್ಲಿ ಎದ್ದು ಕಂಡಿತು. ಅದರ ಹಿಂದಿನ ವರ್ಷವಷ್ಟೇ ಜರ್ಮನ್ ಸರ್ಕಾರ ನೇಮಿಸಿದ್ದ ನೀತಿ ಆಯೋಗ, ವಯಸ್ಸು, ಲಿಂಗ, ಮೈಕಟ್ಟು ನೋಡಿ ಜೀವಗಳನ್ನು ವಿಂಗಡಿಸುವಂತೆ ಕಾರಿಗೆ ಕಲಿಸಕೂಡದೆಂದು ಖಂಡಿತವಾಗಿ ಹೇಳಿತ್ತು. ಲಕ್ಷಾಂತರ ಜನರ ಒಲವು ಒಂದು ಕಡೆ, ಆಯೋಗದ ತೀರ್ಮಾನ ಇನ್ನೊಂದು ಕಡೆ. ಎರಡನ್ನೂ ಓದಬಲ್ಲ, ಯಾವುದು ಯಾವ ಪ್ರಶ್ನೆಗೆ ಉತ್ತರವೆಂದು ಬಿಡಿಸಿ ಹೇಳಬಲ್ಲ ಜನ ಇಂಥ ಕಡೆ ಬೇಕಾಗುತ್ತಾರೆ.

ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ಜಾಗವೂ ಇದೆ. ಹೊಸ ಔಷಧಿಗಳನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಆಸ್ಪತ್ರೆಗಳಲ್ಲಿ ನೈತಿಕ ಸಮಿತಿ ಕಡ್ಡಾಯ. 2019ರ ನಿಯಮಗಳ ಪ್ರಕಾರ ಅದರಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ವೈದ್ಯರ ಜೊತೆಗೆ ಕಾನೂನು ಬಲ್ಲವರು, ಮಹಿಳೆ, ಸಾಮಾನ್ಯ ನಾಗರಿಕರು, ಹಾಗೆಯೇ ಸಮಾಜವಿಜ್ಞಾನಿ, ತತ್ತ್ವಶಾಸ್ತ್ರಜ್ಞ ಅಥವಾ ನೀತಿಶಾಸ್ತ್ರಜ್ಞರಂಥ ಒಬ್ಬರು. ಹಳ್ಳಿಯಿಂದ ಬಂದ ರೋಗಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಅವನಿಗೆ ನಿಜಕ್ಕೂ ಏನು ಅರ್ಥವಾಗಿತ್ತು, ಡಾಕ್ಟರ ಮಾತಿಗೆ ಇಲ್ಲವೆನ್ನುವ ಧೈರ್ಯ ಅವನಿಗಿತ್ತೇ, ಪರೀಕ್ಷೆಯ ಲಾಭ ಯಾರಿಗೆ, ಅಪಾಯ ಯಾರಿಗೆ ಎಂದು ಆ ಕುರ್ಚಿಯಲ್ಲಿ ಕೂತವರು ಕೇಳಬೇಕು. ಕರ್ನಾಟಕದ ವೈದ್ಯಕೀಯ ಕಾಲೇಜುಗಳ ಸಂಖ್ಯೆ ನೋಡಿದರೆ ಅಂಥ ಕುರ್ಚಿಗಳು ಬೀದರಿನಿಂದ ಚಾಮರಾಜನಗರದವರೆಗೆ ಇವೆ. ಅವುಗಳಲ್ಲಿ ಕೂತು ಆ ಪ್ರಶ್ನೆಗಳನ್ನು ಕನ್ನಡದಲ್ಲೇ, ರೋಗಿಯ ಎದುರಿನಲ್ಲೇ ಕೇಳಬಲ್ಲವರನ್ನು ತಯಾರು ಮಾಡುವ ಕೆಲಸ ನಮ್ಮ ಪದವಿ ಕಾಲೇಜುಗಳದ್ದು.